ದಕ್ಷಿಣಕ್ಕೆ ತಿರುಗಿಸಿದ ಕುಜ

ನಾನು ಹುಟ್ಟುವಾಗ ಕುಜ ಎಂಟನೆಯ ಮನೆಯಲ್ಲಿ ಕೂತಿದ್ದನಂತೆ. ಹೆಣ್ಣಿನ ಜಾತಕದಲ್ಲಿ ಎಂಟನೆಯ ಮನೆ ಎಂದರೆ ಗಂಡನ ಆಯುಸ್ಸು ಎಂದು ನಮ್ಮ ಕಡೆಯ ಜೋಯಿಸರು ಹೇಳುತ್ತಾರೆ. ಹೀಗಾಗಿ ಇನ್ನೂ ತೊಟ್ಟಿಲಲ್ಲಿ ಬೆರಳು ಚೀಪುತ್ತಿದ್ದಾಗಲೇ ನಾನು ಗುರುತು ಪರಿಚಯವಿಲ್ಲದ ಯಾವನೋ ಒಬ್ಬ ಹುಡುಗನ ಪ್ರಾಣಕ್ಕೆ ಸಂಚಕಾರ ತರುವವಳು ಎಂದು ತೀರ್ಮಾನವಾಗಿತ್ತು. ಮನೆಯಲ್ಲಿ ಇದನ್ನು ಯಾರೂ ಮುಚ್ಚಿಡಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಅಮ್ಮ, "ತಲೆ ಉಂಟು ಇವಳಿಗೆ, ಆದ್ರೆ ಎಂತ ಪ್ರಯೋಜನ, ಕುಜ ಉಂಟಲ್ಲ" ಎನ್ನುತ್ತಿದ್ದಳು. ನಾನು ಎದುರುತ್ತರ ಕೊಟ್ಟರೆ ಅದೂ ಕುಜನ ಕೆಲಸ. ಒಲೆಯ ಮೇಲೆ ಹಾಲು ಉಕ್ಕಿದರೂ ಅವನದೇ. ಅಷ್ಟು ದೂರದಲ್ಲಿರುವ ಒಂದು ಗ್ರಹಕ್ಕೆ ಮುಂಬಯಿಯ ಸಾಂತಾಕ್ರೂಜಿನಲ್ಲಿ, ಒಂದು ಹೊಟೇಲಿನ ಮೇಲಿನ ಎರಡು ಕೋಣೆಗಳಲ್ಲಿ ಅಪ್ಪಯ್ಯ, ಅಮ್ಮ, ತಂಗಿಯರು, ನಾನು ಎಂದು ನಡೆಯುತ್ತಿದ್ದ ನಮ್ಮ ಸಂಸಾರದ ಮೇಲೆ ಇಷ್ಟೊಂದು ಆಸಕ್ತಿ ಏಕೆ ಎಂದು ನನಗೆ ಚಿಕ್ಕಂದಿನಲ್ಲೇ ಸಿಟ್ಟು ಬರುತ್ತಿತ್ತು.

ಇಂಥವಳಿಗೆ ಸಿಕ್ಕ ನೌಕರಿ ಎಂದರೆ ಕುಜನ ಫೋಟೋ ಕಾಯುವುದು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಮುಗಿಸಿ, ಟೈಪಿಂಗ್ ಕಲಿತು, ಚರ್ಚ್‌ಗೇಟ್ ಹತ್ತಿರ ಇದ್ದ ಒಂದು ಪರದೇಶದವರ ವಾಚನಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಆ ದೇಶದವರು ಮನುಷ್ಯರಿಲ್ಲದ ಒಂದು ನೌಕೆಯನ್ನು ಮಂಗಳ ಗ್ರಹಕ್ಕೆ ಕಳಿಸಿದ್ದರು. ಅದು ಕೆಳಗೆ ಇಳಿಯಲಿಲ್ಲ. ಗ್ರಹದ ಸುತ್ತ ಸುತ್ತುತ್ತಲೇ ತಿಂಗಳುಗಟ್ಟಲೆ ಅಲ್ಲಿಯ ನೆಲದ ಚಿತ್ರಗಳನ್ನು ತೆಗೆದು ಕಳಿಸಿತು. ಒಂದೆರಡಲ್ಲ, ಸಾವಿರಾರು. ಅವನ್ನು ಬೀಗ ಹಾಕಿ ಇಟ್ಟುಕೊಳ್ಳುವುದಿಲ್ಲ, ಜಗತ್ತಿನ ಯಾರು ಬೇಕಾದರೂ ಬಂದು ನೋಡಬಹುದು, ಬೇಕೆಂದರೆ ಪ್ರತಿ ಮಾಡಿಸಿಕೊಳ್ಳಬಹುದು ಎಂದು ಅವರು ಸಾರಿದರು. ಆ ಔದಾರ್ಯದ ಒಂದು ಪಾಲು ಉಕ್ಕಿನ ಕಪಾಟುಗಳ ಸಮೇತ ನಮ್ಮ ವಾಚನಾಲಯದ ಹಿಂದಿನ ಕೋಣೆಗೆ ಬಂತು. ಕಪಾಟುಗಳ ಪಕ್ಕದ ಮೇಜು ನನಗೆ ಬಂತು. ಬಂದವರು ಚೀಟಿಯಲ್ಲಿ ಚಿತ್ರದ ನಂಬರ್ ಬರೆದು ಕೊಡಬೇಕು, ನಾನು ಹುಡುಕಿ ಕೊಡಬೇಕು, ಅವರು ನೋಡಿದ ಮೇಲೆ ಅದನ್ನು ಮತ್ತೆ ಇದ್ದ ಜಾಗದಲ್ಲೇ ಇಡಬೇಕು.

ಮನೆಯಲ್ಲಿ ಈ ಸುದ್ದಿ ಹೇಳಿದ ದಿನ ಅಮ್ಮ ಅನ್ನದ ಪಾತ್ರೆಯ ಮುಂದೆ ಕೂತು ಅತ್ತಳು. "ಹೋಗಿ ಹೋಗಿ ಅವನ ಹತ್ರವೇ ಕೆಲ್ಸಕ್ಕೆ ಸೇರಿದ್ಯಲ್ಲ ಮಾರಾಯ್ತಿ" ಎಂದಳು. ಅಪ್ಪಯ್ಯ ಕೆಳಗಿನ ಹೊಟೇಲಿನ ಮಾಲೀಕರು; ಬೆಳಗ್ಗೆಯಿಂದ ಗಲ್ಲಾದಲ್ಲಿ ಕೂತು ಬಂದು ಕಾಲು ನೀವಿಕೊಳ್ಳುತ್ತಿದ್ದರು. "ಸಂಬಳ ಸರಿಯಾಗಿ ಕೊಡ್ತಾರಲ್ಲ, ಹೋಗ್ಲಿ" ಎಂದರು.

ವಾಚನಾಲಯದ ಬಾಗಿಲಲ್ಲಿ ಸಾರ್ವಜನಿಕರಿಗೆ ಮುಕ್ತ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದರ ಕೆಳಗೇ ದರವಾನ ನಿಂತಿರುತ್ತಿದ್ದ. ಹವಾಯಿ ಚಪ್ಪಲಿಯ ಸಾರ್ವಜನಿಕರನ್ನು ಅವನು "ಅಂದರ್ ಕ್ಯಾ ಕಾಮ್ ಹೈ?" ಎಂದು ಗದರುತ್ತಿದ್ದ. ಬೂಟಿನ ಸಾರ್ವಜನಿಕರಿಗೆ ಸಲಾಮು ಹೊಡೆಯುತ್ತಿದ್ದ. ಹೀಗೆ ಸೋಸಿ ಒಳಗೆ ಬಿಟ್ಟವರಲ್ಲೂ ಮುಕ್ಕಾಲು ಪಾಲು ಬರುತ್ತಿದ್ದುದು ಏರ್‌ಕಂಡೀಷನ್ನಿಗೆ. ಮೇ ತಿಂಗಳು ಬಂತೆಂದರೆ ನಮ್ಮ ಕೋಣೆ ಮಂಗಳ ಗ್ರಹದ ಅಭ್ಯಾಸಿಗಳಿಂದ ತುಂಬಿ ತುಳುಕುತ್ತಿತ್ತು. ಮುಂದೆ ಒಂದು ಫೋಟೋ ಇಟ್ಟುಕೊಂಡು, ಗಲ್ಲಕ್ಕೆ ಕೈ ಕೊಟ್ಟು, ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತಿದ್ದರು. ಗೊರಕೆ ಶುರುವಾದರೆ ನಾನು ಸ್ಟೇಪ್ಲರನ್ನು ಮೇಜಿಗೆ ಕುಟ್ಟುತ್ತಿದ್ದೆ. ಆಗೊಮ್ಮೆ ಈಗೊಮ್ಮೆ ಬರುವ ಪರದೇಶಿ ಸಾಹೇಬರು ಬಾಗಿಲಲ್ಲಿ ನಿಂತು, ತುಂಬಿದ ಕುರ್ಚಿಗಳನ್ನು ನೋಡಿ, ಈ ದೇಶದ ಜನಕ್ಕೆ ವಿಜ್ಞಾನದ ಹಸಿವು ಎಷ್ಟಿದೆ ಎಂದು ಖುಷಿಪಟ್ಟು ಹೋಗುತ್ತಿದ್ದರು.

ನಿಜವಾಗಿ ನೋಡಲು ಬಂದವರಿಗೂ ಚಿತ್ರಗಳು ರುಚಿಸುತ್ತಿರಲಿಲ್ಲ. ಎಲ್ಲ ಕಪ್ಪು ಬಿಳುಪು. "ಲಾಲ್ ಗ್ರಹ ಅಂತೀರಿ, ಲಾಲ್ ಎಲ್ಲಿ?" ಎಂದು ಜಗಳಕ್ಕೆ ಬಂದವರಿದ್ದಾರೆ. ಮಂಗಳದಲ್ಲಿ ಕಾಲುವೆಗಳಿವೆ ಎಂದು ಹಳೆಯ ಪುಸ್ತಕದಲ್ಲಿ ಓದಿದ್ದ ಒಬ್ಬ ಪತ್ರಿಕೆಯವನು ಅವುಗಳ ಚಿತ್ರವೇ ಬೇಕೆಂದು ಪಟ್ಟು ಹಿಡಿದ. ಕಾಲುವೆ ಇಲ್ಲ ಎಂದು ನೌಕೆ ಅಷ್ಟು ದೂರ ಹೋಗಿ ನೋಡಿ ಹೇಳಿದೆ, ನಾನು ಎಲ್ಲಿಂದ ತರಲಿ? ಚಿತ್ರದ ಮೇಲೆಲ್ಲ ಸಾಲಾಗಿ ಸಣ್ಣ ಕಪ್ಪು ಚುಕ್ಕೆಗಳಿರುತ್ತಿದ್ದವು. ಅಳತೆಗೆಂದು ಕ್ಯಾಮೆರಾದಲ್ಲೇ ಹಾಕಿದ ಗುರುತುಗಳು. ನೊಣ ಹೊಲಸು ಮಾಡಿದೆ ಎಂದು ಬೆರಳಿಗೆ ಎಂಜಲು ಹಚ್ಚಿ ಒರೆಸಲು ಹೋಗುವವರನ್ನು ತಡೆಯುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು.

ಇನ್ನು ಧೂಳಿನ ಚಿತ್ರಗಳ ಡಬ್ಬಿಗಳು. ನೌಕೆ ಅಲ್ಲಿಗೆ ತಲುಪಿದ ಹೊತ್ತಿಗೆ ಇಡೀ ಗ್ರಹವೇ ಬಿರುಗಾಳಿಯ ಧೂಳಿನಲ್ಲಿ ಮುಚ್ಚಿಹೋಗಿತ್ತಂತೆ. ಕ್ಯಾಮೆರಾ ಮಾತ್ರ ತನ್ನ ಪಾಡಿಗೆ ತಾನು ತೆಗೆಯುತ್ತ ಹೋಗಿತ್ತು. ಬಂದದ್ದು ಏನೂ ಇಲ್ಲದ ಬೂದು ಚೌಕಗಳು. ನಮ್ಮವರಾಗಿದ್ದರೆ ಅವನ್ನು ಹರಿದು ಎಸೆದು, ಒಳ್ಳೆಯ ನಾಲ್ಕನ್ನು ಕ್ಯಾಲೆಂಡರಿಗೆ ಕೊಡುತ್ತಿದ್ದರು. ಅವರು ಎಸೆಯಲಿಲ್ಲ. ಏನೂ ಕಾಣದ್ದಕ್ಕೂ ಒಂದು ನಂಬರ್ ಕೊಟ್ಟು, ಏನೂ ಕಾಣುವುದಿಲ್ಲ ಎಂದು ಬರೆದು, ಲಕೋಟೆಯಲ್ಲಿ ಹಾಕಿ ಕಳಿಸಿದ್ದರು. ಮಂಗಳದ ಧೂಳಿನ ಮೇಲೆ ಕೂತ ಮುಂಬಯಿಯ ಧೂಳನ್ನು ಒರೆಸುವುದು ನನ್ನ ಪ್ರತಿ ಸೋಮವಾರದ ಕೆಲಸ.

ಆ ಧೂಳಿನ ಡಬ್ಬಿಗಳನ್ನು ಕೇಳಿಕೊಂಡು ಬಂದವರು ಒಬ್ಬರೇ. ವಿಕ್ರೋಳಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಜಿನಿಯರು, ಅಲ್ಲಿಯ ಕಂಪನಿ ಕಾಲನಿಯಲ್ಲೇ ತಾಯಿಯ ಜೊತೆ ವಾಸ. ಶನಿವಾರ ಮಧ್ಯಾಹ್ನ ಬರುತ್ತಿದ್ದರು. ಮೊದಲನೆಯ ನಂಬರಿನಿಂದ ಕ್ರಮವಾಗಿ ಎಲ್ಲವನ್ನೂ ನೋಡಬೇಕು ಎಂದರು. ಮೊದಲಿನವುಗಳಲ್ಲಿ ಏನೂ ಇಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಏನೂ ಇಲ್ಲದ್ದನ್ನೂ ನೋಡುತ್ತೇನೆ ಎಂದರು. ಲಕೋಟೆಗಳನ್ನು ಎಣಿಸಿ ಕೊಡುತ್ತಿದ್ದಾಗ ಅವರು ಕನ್ನಡಕ್ಕೆ ತಿರುಗಿ, "ನೀವು ಉಡುಪಿ ಕಡೆಯವರಾ?" ಎಂದರು.

"ಹೇಗೆ ಗೊತ್ತಾಯ್ತು?"

"ಎಣಿಸುದು ನಮ್ಮ ಹಾಗೇ ಉಂಟಲ್ಲ. ಇಂಗ್ಲಿಷಲ್ಲಿ ಮಾತಾಡ್ತೀರಿ, ಬಾಯೊಳಗೆ ಕನ್ನಡದಲ್ಲಿ ಎಣಿಸ್ತೀರಿ."

ಅವರಿಂದ ನಾನು ಎಷ್ಟೋ ಕಲಿತೆ. ಅದನ್ನು ಇಲ್ಲ ಎನ್ನುವುದಿಲ್ಲ. ಧೂಳಿನ ಚಿತ್ರಗಳಲ್ಲಿ ನಾಲ್ಕು ಮಸುಕು ಕಪ್ಪು ಕಲೆಗಳಿದ್ದವು. ನಾನು ಅವನ್ನು ಪ್ರಿಂಟಿನ ದೋಷ ಎಂದುಕೊಂಡಿದ್ದೆ. ಅವು ಧೂಳಿಗಿಂತ ಮೇಲೆ ಚಾಚಿದ ಪರ್ವತಗಳ ನೆತ್ತಿಗಳು ಎಂದು ಅವರು ತೋರಿಸಿದರು. ಇನ್ನೊಂದು ಶನಿವಾರ, ಗುಳಿಗಳಿಂದ ತುಂಬಿದ ಒಂದು ಚಿತ್ರವನ್ನು ನನ್ನ ಮುಂದೆ ಇಟ್ಟು ನಿಧಾನವಾಗಿ ತಲೆಕೆಳಗು ಮಾಡಿದರು. ನನ್ನ ಕಣ್ಣೆದುರೇ ಅಷ್ಟೂ ಗುಳಿಗಳು ಉಬ್ಬಿ ಗುಡ್ಡಗಳಾದವು. ಬೆಳಕು ಯಾವಾಗಲೂ ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿರುತ್ತದೆ, ಅದಕ್ಕೇ ಚಿತ್ರ ತಿರುಗಿಸಿದರೆ ಮೋಸ ಹೋಗುತ್ತದೆ ಎಂದು ವಿವರಿಸಿದರು. "ಮೊದಲು ಬಾಣ ನೋಡಿ, ಆಮೇಲೆ ಚಿತ್ರ ನೋಡಿ" ಎಂದರು. ಪ್ರತಿ ಚಿತ್ರದ ಅಂಚಿನಲ್ಲೂ ಉತ್ತರ ಯಾವ ಕಡೆ ಎಂದು ತೋರಿಸುವ ಒಂದು ಬಾಣದ ಗುರುತಿತ್ತು. ಅಲ್ಲಿಯವರೆಗೆ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನನಗೆ ಅವರ ಮೇಲೆ ಮನಸ್ಸಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಶನಿವಾರ ಬೆಳಗ್ಗೆ ಲೋಕಲಿನಲ್ಲಿ ಲೇಡೀಸ್ ಡಬ್ಬಿಯ ನೂಕುನುಗ್ಗಲಲ್ಲೂ ನನಗೆ ಸೀರೆಯ ನೆರಿಗೆಯದೇ ಚಿಂತೆ. ಒಂದು ಸಲ ಮಾತಿನ ನಡುವೆ ನನ್ನ ಜಾತಕದ ಕತೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಆ ನಗು ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ. ಹುಟ್ಟಿದಾಗಿನಿಂದ ಆ ವಿಷಯಕ್ಕೆ ನನ್ನೆದುರು ಯಾರೂ ನಕ್ಕಿರಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟವರೇ.

ಆ ವರ್ಷ ದಾದರಿನ ಒಂದು ಸಭಾಗೃಹದಲ್ಲಿ ಅವರ ಉಪನ್ಯಾಸ ಏರ್ಪಾಡಾಯಿತು. ಕನ್ನಡದಲ್ಲಿ, ಸ್ಲೈಡುಗಳ ಸಮೇತ. ನಾನು ಅಪ್ಪಯ್ಯ, ಅಮ್ಮ, ನನ್ನ ಸೋದರಮಾವ ಎಲ್ಲರನ್ನೂ ಕರೆದುಕೊಂಡು ಹೋಗಿದ್ದೆ. ಮುಂಬಯಿ ಕನ್ನಡಿಗರ ಸಭೆ ಹೇಗಿರುತ್ತದೆಂದು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರಾರ್ಥನೆ, ಸ್ವಾಗತ, ಹಾರ, ಅಧ್ಯಕ್ಷರ ಮಾತು, ಅಧ್ಯಕ್ಷರನ್ನು ಹೊಗಳಿದ ಕಾರ್ಯದರ್ಶಿಯ ಮಾತು, ಕಾರ್ಯದರ್ಶಿಯನ್ನು ಹೊಗಳಿದ ಖಜಾಂಚಿಯ ಮಾತು. ಇವೆಲ್ಲ ಮುಗಿದು ಮಂಗಳ ಗ್ರಹದ ಸರದಿ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಅಂಬರನಾಥ ಲೋಕಲಿಗೆ ಎದ್ದು ಹೋಗಿದ್ದರು. ಒಬ್ಬ ಹಿರಿಯರು ಸ್ಲೈಡಿನಲ್ಲಿ ಕಂಡ ಉದ್ದನೆಯ ಕಣಿವೆಯನ್ನು ತೋರಿಸಿ, ಅದು ಯಾವ ಎರಡು ರಾಜ್ಯಗಳ ಗಡಿ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದರು.

ಆದರೆ ಇಂಜಿನಿಯರು ಚೆನ್ನಾಗಿ ಮಾತಾಡಿದರು. ಕೊನೆಯ ಸ್ಲೈಡಿನ ಮುಂದೆ ನಿಂತು, "ಇದು ಕಲ್ಲು, ಇದು ಮಣ್ಣು. ಇಷ್ಟೇ. ಕುಜದೋಷ ಅಂತ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವವರು ಒಂದು ಸಲ ಬಂದು ಈ ಚಿತ್ರಗಳನ್ನು ನೋಡಬೇಕು. ಯಾರಿಗೂ ಇಲ್ಲ ಅನ್ನುವುದಿಲ್ಲ" ಎಂದರು. ಸಭೆಯಲ್ಲಿ ಚಪ್ಪಾಳೆ. ನನ್ನ ಪಕ್ಕದಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕತ್ತಲಲ್ಲಿ ಕೂತು, ಇಷ್ಟು ಜನರ ಮುಂದೆ ಅವರು ನನ್ನ ಪರವಾಗಿಯೇ ಮಾತಾಡುತ್ತಿದ್ದಾರೆ ಎಂದು ಹಿಗ್ಗುತ್ತಿದ್ದೆ.

ಸೋದರಮಾವ ಸುಮ್ಮನೆ ಬಿಡುವವರಲ್ಲ. ದಾದರಿನ ಒಂದು ಬಟ್ಟೆ ಅಂಗಡಿಯಲ್ಲಿ ಅವರಿಗೆ ಕೆಲಸ; ಮಿಕ್ಕ ವೇಳೆಯೆಲ್ಲ ಊರವರ ಮದುವೆ ಕುದುರಿಸುವುದಕ್ಕೆ ಮೀಸಲು. ಸಭಾಗೃಹದ ಮೆಟ್ಟಿಲಿಳಿಯುವಷ್ಟರಲ್ಲಿ ಇಂಜಿನಿಯರ ಗೋತ್ರ, ಊರು, ಸಂಬಳ ಎಲ್ಲ ತಿಳಿದುಕೊಂಡಿದ್ದರು. ಮುಂದಿನ ಭಾನುವಾರ ವಿಕ್ರೋಳಿಗೆ ಹೋಗಿ ಬಂದರು. ಹುಡುಗನಿಗೆ ಒಪ್ಪಿಗೆ. ತಾಯಿಗೂ ಒಪ್ಪಿಗೆ. ಜಾತಕ ಒಂದು ನೋಡಬೇಕಂತೆ, ಅಷ್ಟೇ.

ಜಾತಕ ಹೋಯಿತು. ಎಂಟನೆಯ ಮನೆಯಲ್ಲಿ ಆ ಮಹಾನುಭಾವ ಹಾಗೇ ಕೂತಿದ್ದ. ಹುಡುಗನ ಜಾತಕದಲ್ಲೂ ಕುಜದೋಷ ಇದ್ದಿದ್ದರೆ ಒಂದಕ್ಕೊಂದು ಸರಿ ಹೋಗುತ್ತಿತ್ತಂತೆ, ಅವರದು ಶುದ್ಧ ಜಾತಕ. ತಾಯಿ ಹಾಸಿಗೆ ಹಿಡಿದರು. ಮುಂದಿನ ಶನಿವಾರ ಇಂಜಿನಿಯರು ನನ್ನ ಮೇಜಿನ ಮುಂದೆ ನಿಂತು, ಯಾವ ಚಿತ್ರವನ್ನೂ ಕೇಳದೆ, ಪೆನ್ನಿನ ಮುಚ್ಚಳ ತಿರುಗಿಸುತ್ತ ಮಾತಾಡಿದರು.

"ನಂಗೆ ಇದರಲ್ಲಿ ಎಂತ ನಂಬಿಕೆ ಇಲ್ಲ, ನಿಮಗೆ ಗೊತ್ತುಂಟು. ಆದ್ರೆ ಅಮ್ಮ ಒಬ್ಬರೇ ನನ್ನನ್ನು ಸಾಕಿದ್ದು. ಒಂದು ಕುಜಶಾಂತಿ ಮಾಡಿಸಿದ್ರೆ ಆಯ್ತಂತೆ. ಎರಡು ಗಂಟೆಯ ಕೆಲ್ಸ. ಅವರ ಸಮಾಧಾನಕ್ಕೆ."

"ಶಾಂತಿ ಮಾಡಿದ ಮೇಲೆ ಮುಗೀತಾ?"

"ಮುಗೀತು. ಆಮೇಲೆ ಈ ಮಾತೇ ಇಲ್ಲ."

ನಾನು ಒಪ್ಪಿದೆ. ನನಗೆ ಅವರು ಬೇಕಾಗಿದ್ದರು. ಎರಡು ಗಂಟೆ ಹೊಗೆ ಕುಡಿದರೆ ಅವರು ಸಿಗುತ್ತಾರೆ ಎಂದಾದರೆ ಅದೇನು ದೊಡ್ಡ ಮಾತು? ನಮ್ಮ ಹೊಟೇಲಿನ ಅಡಿಗೆಮನೆಯಲ್ಲಿ ಹುಟ್ಟಿದಾಗಿನಿಂದ ಹೊಗೆ ಕುಡಿದವಳು ನಾನು.

ಫೋಟೋ ಇಡುವ ಉಪಾಯ ಸೋದರಮಾವನದು. ಕುಜಶಾಂತಿಗೆ ತ್ರಿಕೋನದ ಮಂಡಲ ಬರೆದು, ಕೆಂಪು ವಸ್ತ್ರ, ತೊಗರಿ, ಕೆಂಪು ಹೂವು ಇಟ್ಟು ಕಲಶ ಸ್ಥಾಪಿಸುವುದು ಪದ್ಧತಿ. "ಆ ಮನುಷ್ಯನದ್ದೇ ಫೋಟೋ ಕೈಯಲ್ಲಿರುವಾಗ ತ್ರಿಕೋನ ಯಾಕೆ ಬರೀಬೇಕು?" ಎಂದು ಮಾವ ಕೇಳಿದರು. ಅವರಿಗೆ ಇದು ಕೇವಲ ಶಾಂತಿಯಾಗಿರಲಿಲ್ಲ. ವಿಕ್ರೋಳಿಯವರ ಮುಂದೆ ನಮ್ಮ ಮನೆಯ ಪ್ರತಿಷ್ಠೆಯ ವಿಷಯ. ಯಾರ ಮನೆಯಲ್ಲೂ ಇಲ್ಲದ ಸಾಕ್ಷಾತ್ ಕುಜ ನಮ್ಮ ಮನೆಯಲ್ಲಿ. ಶಾಂತಿ ಮಾಡಿಸಲು ಗೊತ್ತುಮಾಡಿದ್ದ ಭಟ್ಟರು ಮೊದಲು ಹಿಂದೆ ಮುಂದೆ ನೋಡಿದರು. ಆಮೇಲೆ, ದೇವರಿಗೆ ಪಟ ಇಡುವುದಿಲ್ಲವೇ, ಹಾಗೇ ಇದೂ ಎಂದು ಒಪ್ಪಿಕೊಂಡರು. ನಾನು ಇದನ್ನು ಹೇಳಿದಾಗ ಇಂಜಿನಿಯರು ಮತ್ತೆ ನಕ್ಕರು. ಚಿತ್ರವನ್ನು ತಾವೇ ಆರಿಸಿದರು. ಗುಳಿಗಳು ಸ್ಪಷ್ಟವಾಗಿ ಕಾಣುವ, ಬಿಸಿಲು ಚೆನ್ನಾಗಿ ಬಿದ್ದ ಒಂದು ಚಿತ್ರ. ಚೀಟಿ ಬರೆದು ಕೊಟ್ಟರು, ನಾನು ಪ್ರತಿಗೆ ಕಳಿಸಿದೆ. ಮಾವ ಅದಕ್ಕೆ ಕೆಂಪು ಅಂಚಿನ ಕಟ್ಟು ಹಾಕಿಸಿ ತಂದರು. ನಾವಿಬ್ಬರೂ ಸೇರಿ ಎಲ್ಲರನ್ನೂ ತಮಾಷೆ ಮಾಡುತ್ತಿದ್ದೇವೆ ಎಂದು ನಾನು ತಿಳಿದುಕೊಂಡಿದ್ದೆ.

ಭಾನುವಾರ ಬೆಳಗ್ಗೆ ನಮ್ಮ ಮುಂದಿನ ಕೋಣೆಯಲ್ಲಿ ಮಂಚ ಎತ್ತಿ ಗೋಡೆಗೆ ಒರಗಿಸಿ ಹೋಮಕ್ಕೆ ಜಾಗ ಮಾಡಿದರು. ಕೆಳಗಿನಿಂದ ಸಾಂಬಾರಿನ ಒಗ್ಗರಣೆಯ ವಾಸನೆ, ಮೇಲೆ ತುಪ್ಪದ ಹೊಗೆ. ನಾನು ಕೆಂಪು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ವಿಕ್ರೋಳಿಯ ಅಮ್ಮನಿಗೆ ಗೋಡೆಯ ಬದಿ ಕುರ್ಚಿ, ಅವರ ಪಕ್ಕದಲ್ಲಿ ಮಗ, ಬಿಳಿ ಪಂಚೆ ಉಟ್ಟುಕೊಂಡು. ಭಟ್ಟರು ಫೋಟೋವನ್ನು ಹಲಗೆಯ ಮೇಲೆ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಅಂಚನ್ನು ಪರೀಕ್ಷಿಸಿದರು.

"ಇದೆಂತ ಬಾಣ?"

"ಉತ್ತರ ದಿಕ್ಕು ಭಟ್ರೆ" ಎಂದು ಮಾವ ಹೆಮ್ಮೆಯಿಂದ ಹೇಳಿದರು. "ಎಲ್ಲ ಬರ್ದೇ ಕೊಡ್ತಾರೆ."

"ಉತ್ತರ ಆಗುದಿಲ್ಲ. ಅಂಗಾರಕ ದಕ್ಷಿಣಾಭಿಮುಖ. ದಕ್ಷಿಣಕ್ಕೆ ತಿರುಗಿಸ್ಬೇಕು."

ಹೇಳಿದವರೇ ಕುಜನನ್ನು ಎತ್ತಿ ತಲೆಕೆಳಗು ಮಾಡಿ ಮತ್ತೆ ಗೋಡೆಗೆ ಒರಗಿಸಿದರು. ಬಾಣ ನೆಲ ನೋಡಿತು. ಇಷ್ಟಕ್ಕೇ ದಕ್ಷಿಣವಾಯಿತು. ನಮ್ಮ ಗೋಡೆಯ ಆ ಕಡೆ ನಿಜವಾಗಿ ಯಾವ ದಿಕ್ಕು ಎಂದು ಯಾರೂ ಕೇಳಲಿಲ್ಲ. ಅಲ್ಲಿ ಪಕ್ಕದ ಬಿಲ್ಡಿಂಗಿನ ಕಕ್ಕಸು ಇತ್ತು. ಚಿತ್ರದ ಗುಳಿಗಳೆಲ್ಲ ಒಂದೇ ಕ್ಷಣದಲ್ಲಿ ಉಬ್ಬಿ ನಿಂತವು.

ವಿಕ್ರೋಳಿಯ ಅಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಅಯ್ಯೋ ದೇವರೇ, ಮೈ ತುಂಬ ಬೊಕ್ಕೆ ಎದ್ದಿದ್ಯಲ್ಲ" ಎಂದರು.

ಭಟ್ಟರು ನೋಡಿದರು. ಅವರ ಮುಖ ಅರಳಿತು. "ಮತ್ತೆ? ಶಾಸ್ತ್ರದಲ್ಲಿ ಹೇಳಿದ್ದು ಸುಳ್ಳಾ? ರಕ್ತ, ಹುಣ್ಣು, ಬೊಕ್ಕೆ ಎಲ್ಲ ಇವನ ಕೈಯಲ್ಲೇ ಇರುದು. ನಮ್ಮ ಹಿರಿಯರು ರಾಕೆಟ್ ಇಲ್ಲದೇ ಕಂಡುಕೊಂಡಿದ್ರು. ಇವರು ಈಗ ಫೋಟೋ ತೆಗ್ದು ಒಪ್ಕೊಂಡ್ರು."

ಮಾವ ತಲೆಯಾಡಿಸಿದರು. ಅಮ್ಮ ಕೈಮುಗಿದಳು. ನನಗೆ ನಗು ತಡೆಯಲಾಗಲಿಲ್ಲ. "ಭಟ್ರೆ, ಪಟ ತಲೆಕೆಳಗಾಗಿದೆ. ಅದು ಬೊಕ್ಕೆ ಅಲ್ಲ, ಗುಳಿ. ಸರಿಯಾಗಿ ಇಟ್ಟು ನೋಡಿ" ಎಂದೆ.

"ಮಣೆ ಮೇಲೆ ಕೂತವಳು ಮಾತಾಡ್ಬಾರ್ದು" ಎಂದು ಅಮ್ಮ ನನ್ನ ಭುಜ ಹಿಸುಕಿದಳು.

ಆದರೆ ವಿಕ್ರೋಳಿಯ ಅಮ್ಮನಿಗೆ ಸಂಶಯ ಬಂದಿತ್ತು. ಅವರು ದಡ್ಡರಲ್ಲ. ಮಗನ ಕಡೆ ತಿರುಗಿ ಸರಳವಾಗಿ ಕೇಳಿದರು: "ಹೌದನಾ? ನೀನು ಯಾವಾಗ್ಲೂ ಇದನ್ನೇ ನೋಡ್ತಾ ಇರ್ತೀಯಲ್ಲ. ಅದು ಬೊಕ್ಕೆಯಾ, ಗುಳಿಯಾ?"

ನಾನು ಅವರನ್ನು ನೋಡಿದೆ. ಅವರೂ ಒಂದು ಸಲ ನನ್ನನ್ನು ನೋಡಿದರು. ದಾದರಿನಲ್ಲಿ ಅಷ್ಟು ಜನರ ಮುಂದೆ ಹೇಳಿದ್ದನ್ನೇ ಇಲ್ಲಿ ಏಳೆಂಟು ಜನರ ಮುಂದೆ ಹೇಳಬೇಕಾಗಿತ್ತು. ಕುಜದೋಷ ಸುಳ್ಳು ಎಂದು ಹೇಳಬೇಕಾಗಿರಲಿಲ್ಲ, ಭಟ್ಟರನ್ನು ಎಬ್ಬಿಸಿ ಕಳಿಸಬೇಕಾಗಿರಲಿಲ್ಲ. ಪಟವನ್ನು ತಿರುಗಿಸಿ ಇಟ್ಟರೆ ಸಾಕಾಗಿತ್ತು. ಭಟ್ಟರೂ ಹೂಂ ಎಂದು ಮಂತ್ರ ಮುಂದುವರಿಸುತ್ತಿದ್ದರು. ಹೋಮ ನಿಲ್ಲುತ್ತಿರಲಿಲ್ಲ.

"ನೋಡುವಾಗ ಬೊಕ್ಕೆ ಹಾಗೇ ಕಾಣ್ತದೆ ಅಮ್ಮ" ಎಂದರು ಇಂಜಿನಿಯರು. ಆಮೇಲೆ, ಯಾರೂ ಕೇಳದೆ ಇದ್ದರೂ, "ಇಂಥದ್ರಲ್ಲಿ ಭಟ್ರಿಗೆ ನನಗಿಂತ ಜಾಸ್ತಿ ಗೊತ್ತುಂಟು" ಎಂದು ಸೇರಿಸಿದರು.

ಅವರು ಹೇಳಿದ್ದು ಸುಳ್ಳಲ್ಲ. ಹಾಗೆ ಕಾಣುತ್ತಿತ್ತು, ಹೌದು. ಅಂಥ ಜಾಣ ಮಾತನ್ನು ಅಷ್ಟು ಬೇಗ ಹುಡುಕಿಕೊಂಡರಲ್ಲ, ಅದಕ್ಕೆ ನನಗೆ ಮೈ ಉರಿಯಿತು. ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ನನ್ನ ಕಣ್ಣಿಗೆ ಮೋಸ ಹೋಗಬಾರದೆಂದು ಕಲಿಸಿದವರು ತಮ್ಮ ತಾಯಿಯ ಕಣ್ಣಿಗೆ ಮೋಸವನ್ನೇ ತಟ್ಟೆಯಲ್ಲಿಟ್ಟು ಬಡಿಸಿದರು. ಮುಂದೆ ನಾನು ಆ ಮನೆಯಲ್ಲಿ ಏನೇ ಹೇಳಿದರೂ ಅವರು ನನ್ನ ಪಕ್ಕದಲ್ಲೇ ಹೀಗೆ ಪಂಚೆ ಉಟ್ಟು ನಿಂತು, ಭಟ್ಟರಿಗೆ, ಅಮ್ಮನಿಗೆ, ಊರವರಿಗೆ ಜಾಸ್ತಿ ಗೊತ್ತುಂಟು ಎನ್ನುತ್ತಾರೆ. ಉಪನ್ಯಾಸ ಮಾತ್ರ ದಾದರಿನಲ್ಲಿ.

ಹೋಮ ಮುಗಿಯುವವರೆಗೆ ನಾನು ಕೂತೇ ಇದ್ದೆ. ಪೂರ್ಣಾಹುತಿ ಆಯಿತು. ದೋಷ ಹೋಯಿತು ಎಂದು ಭಟ್ಟರು ಘೋಷಿಸಿದರು. ವಿಕ್ರೋಳಿಯ ಅಮ್ಮ ಎದ್ದು ಬಂದು ನನ್ನ ಹಣೆಗೆ ಕುಂಕುಮ ಇಟ್ಟು, ಪ್ರೀತಿಯಿಂದಲೇ ಗಲ್ಲ ಸವರಿ, ಮುಹೂರ್ತದ ಮಾತೆತ್ತಿದರು.

"ನನಗೆ ಈ ಸಂಬಂಧ ಬೇಡ" ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದೆ. ಕೆಳಗೆ ಹೊಟೇಲಿನಲ್ಲಿ ಯಾರೋ ಮಸಾಲೆ ದೋಸೆಗೆ ಕೂಗುತ್ತಿದ್ದುದು ಮೇಲಿನವರೆಗೆ ಕೇಳಿಸಿತು. ಮೊದಲು ಚೇತರಿಸಿಕೊಂಡವರು ಭಟ್ಟರೇ. ದಕ್ಷಿಣೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಅವನು ಬಿಟ್ಟು ಹೋಗುವಾಗ ಹೀಗೇ. ಕಡೇ ಸರ್ತಿ ಒಂದು ಒದ್ದೇ ಹೋಗುದು" ಎಂದರು. ಎಲ್ಲರಿಗೂ ನೆಮ್ಮದಿಯಾಯಿತು. ಅಮ್ಮ ಅಳಲು ಶುರುಮಾಡಿದಳು. ವಿಕ್ರೋಳಿಯ ಅಮ್ಮ ಮಗನ ಕೈ ಹಿಡಿದು, ಮದುವೆಗೆ ಮೊದಲೇ ಗೊತ್ತಾಯಿತಲ್ಲ, ದೇವರು ದೊಡ್ಡವನು ಎಂದರು. ಬೇಡ ಎಂದವಳು ನಾನು, ಅಲ್ಲೇ ಮಣೆಯ ಮೇಲೆ ಕೂತಿದ್ದೇನೆ, ಬಾಯಲ್ಲಿ ಹಲ್ಲು ನಾಲಗೆ ಎಲ್ಲ ಇವೆ. ಅಷ್ಟಾದರೂ ಒಬ್ಬರೂ ನನ್ನ ಕಡೆ ತಿರುಗಿ ಏಕೆ ಎಂದು ಕೇಳಲಿಲ್ಲ. ಎಲ್ಲರೂ ಗೋಡೆಗೆ ಒರಗಿಸಿದ ಪಟವನ್ನು ನೋಡುತ್ತಿದ್ದರು.

ಇಂಜಿನಿಯರು ಮೆಟ್ಟಿಲಿಳಿಯುವಾಗ ಒಂದು ಕ್ಷಣ ಹಿಂದೆ ನಿಂತರು. "ಒಂದು ಸಣ್ಣ ವಿಷಯಕ್ಕೆ" ಎಂದರು.

"ಸಣ್ಣದೇ ಆಗಿದ್ರೆ ನೀವು ಹೇಳ್ಬಹುದಿತ್ತಲ್ಲ" ಎಂದೆ.

ಆಮೇಲೆ ಅವರು ನಮ್ಮ ಕೋಣೆಗೆ ಬರಲಿಲ್ಲ. ಬೇಕಾದ ಚಿತ್ರಗಳ ಚೀಟಿಯನ್ನು ಆಫೀಸಿನ ಜವಾನನ ಕೈಯಲ್ಲಿ ಕಳಿಸುತ್ತಿದ್ದರು. ನಾನು ಹುಡುಕಿ ಕೊಡುತ್ತಿದ್ದೆ. ಕೆಲವು ವರ್ಷಗಳ ಮೇಲೆ ಇನ್ನೊಂದು ನೌಕೆ ಮಂಗಳವನ್ನು ಸುತ್ತಿ ಇನ್ನೂ ಚೆಂದದ ಚಿತ್ರಗಳನ್ನು ಕಳಿಸಿತು, ಇನ್ನಷ್ಟು ಕಪಾಟುಗಳು ಬಂದವು. ಅವರು ಅವನ್ನೂ ಉಪನ್ಯಾಸದಲ್ಲಿ ತೋರಿಸಿದರಂತೆ, ಮೂಢನಂಬಿಕೆಯನ್ನು ಚೆನ್ನಾಗಿ ಖಂಡಿಸಿದರಂತೆ. ಪತ್ರಿಕೆಯಲ್ಲಿ ಬಂದಿತ್ತು. ಶುದ್ಧ ಜಾತಕದ ಹುಡುಗಿಯನ್ನು ಮದುವೆಯಾಗಿದ್ದಾರೆಂದು ಮಾವ ಹೇಳಿದರು.

ನನಗೆ ಅದೆಲ್ಲಕ್ಕಿಂತ ಸಂಕಟ ತಂದದ್ದು ಬೇರೆ. ಹೋಮವಾಗಿ ಕೆಲವು ದಿನಗಳಾಗಿದ್ದವು. ಹೊಟೇಲಿಗೆ ಬರುವ ಊರಿನವರೆಲ್ಲ ವಿಕ್ರೋಳಿಯ ಸಂಬಂಧ ಏನಾಯಿತು ಎಂದು ಅಪ್ಪಯ್ಯನನ್ನು ಕೇಳುತ್ತಿದ್ದರು. ಎಂತ ಮಾಡುದು, ಕುಜ ಬಿಡ್ಲಿಲ್ಲ ಎಂದು ಅಪ್ಪಯ್ಯ ಹೇಳುವುದು ನನ್ನ ಕಿವಿಗೇ ಬಿತ್ತು. ಮನೆಯಲ್ಲಿ ಯಾವತ್ತೂ ಕುಜನ ಹೆಸರೆತ್ತದ ಮನುಷ್ಯ. ಊಟದ ಗದ್ದಲ ಇಳಿದ ಮೇಲೆ ಗಲ್ಲಾದ ಹತ್ತಿರ ಹೋಗಿ ನಿಂತೆ.

"ಅಪ್ಪಯ್ಯ, ಬೇಡ ಅಂದದ್ದು ನಾನು. ಕುಜ ಅಲ್ಲ. ಕೇಳಿದವರಿಗೆ ಹಾಗೇ ಹೇಳಿ."

"ನಂಗೆ ಗೊತ್ತುಂಟು ಮಗಾ."

"ಗೊತ್ತಿದ್ದೂ ಯಾಕೆ ಅವನ ಹೆಸರು ಹೇಳ್ತೀರಿ?"

ಅವರು ಒದ್ದೆ ಬಟ್ಟೆಯಿಂದ ಗಲ್ಲಾದ ಕಲ್ಲನ್ನು ಒರೆಸುತ್ತಲೇ ಇದ್ದರು. "ಕುಜ ಅಂದ್ರೆ ಜನ ಪಾಪ ಅಂತಾರೆ. ನೀನೇ ಬೇಡ ಅಂದದ್ದು ಅಂತ ಹೇಳಿದ್ರೆ..." ಎಂದರು. ಇಬ್ಬರು ಗಿರಾಕಿಗಳು ಬಂದರು, ಅವರ ಕಡೆ ತಿರುಗಿದರು. ಭಟ್ಟರನ್ನು, ಮಾವನನ್ನು, ಇಂಜಿನಿಯರನ್ನು ನಾನು ಮನಸಾರೆ ಬೈಯಬಲ್ಲೆ, ಇಷ್ಟು ವರ್ಷ ಬೈದಿದ್ದೇನೆ. ಅಪ್ಪಯ್ಯನನ್ನು ಬೈಯಲಾಗಲಿಲ್ಲ. ಅವರು ನಂಬಿ ಹೇಳುತ್ತಿರಲಿಲ್ಲ, ನನಗಾಗಿ ಹೆದರಿ ಹೇಳುತ್ತಿದ್ದರು. ಅವತ್ತು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೆ ನಾನು ಮದುವೆಯಾಗಲಿಲ್ಲ. ನೌಕರಿ ಮಾಡಿದೆ, ತಂಗಿಯರ ಮದುವೆ ಮಾಡಿದೆ, ಸಾಂತಾಕ್ರೂಜಿನಲ್ಲೇ ಒಂದು ಸೊಸೈಟಿಯಲ್ಲಿ ನನ್ನದೇ ಎಂದು ಒಂದು ಕೋಣೆ ಮಾಡಿಕೊಂಡೆ. ನಮ್ಮವರ ಮದುವೆಮನೆಗಳಿಗೆ ಹೋದಾಗ ಈಗಲೂ ಯಾರಾದರೂ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಲ್ಲ ಹಿಡಿದು, "ಎಷ್ಟು ಚೆಂದದ ಹುಡುಗಿ, ಪಾಪ, ಕುಜ ಹಾಳು ಮಾಡಿದ" ಎನ್ನುತ್ತಾರೆ. ಅವರ ಕಣ್ಣಲ್ಲಿ ನಿಜವಾಗಿ ನೀರಿರುತ್ತದೆ.

"ಕುಜ ಅಲ್ಲ ಅಜ್ಜಿ. ನಾನೇ ಬೇಡ ಅಂದದ್ದು" ಎನ್ನುತ್ತೇನೆ.

ಅಜ್ಜಿ ಗಲ್ಲದಿಂದ ಕೈ ತೆಗೆಯುತ್ತಾರೆ.